ಎಳೆಯರ ತರಗತಿಯಲ್ಲಿ ನಾನಾ ದೇಶದ ಕಥೆಗಳು

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ನೆಲಸಿರುವ ಕನ್ನಡಿಗರು ರಜೆಯಲ್ಲಿ ಊರಿಗೆ ಬಂದಾಗ ತಮ್ಮ ಮಕ್ಕಳ ಶಾಲೆಯ ವಿಚಾರವನ್ನು ಹೇಳುವುದುಂಟು. ಅಂಥ ಮಾತುಕತೆಯಲ್ಲಿ ಕೇಳಿದ ಒಂದು ಸಂಗತಿಯು ನಮ್ಮ ಲಕ್ಷ್ಯವನ್ನು ವಿಶೇಷವಾಗಿ ಸೆಳೆಯಿತು. ಅಲ್ಲಿಯ ಎರಡನೆಯ ತರಗತಿಯಲ್ಲಿ, ಎಂದರೆ ಏಳೆಂಟು ವರ್ಷದ ಮಕ್ಕಳಿಗೆ, ಸಿಂಡರೆಲಾ ಎಂಬ ಹುಡುಗಿಯ ಕಥೆಯನ್ನು ಒಂದು ಸಲವಲ್ಲ, ನಾಲ್ಕೈದು ಸಲ ಓದಿ ಹೇಳುವರಂತೆ. ಪ್ರತಿಸಲವೂ ಬೇರೊಂದು ದೇಶದವರು ಅದನ್ನು ಹೇಳುವ ಬಗೆಯಲ್ಲಿ. ಕೇಳಿದೊಡನೆ ಇದು ಹೊತ್ತು ಕಳೆಯುವ ಉಪಾಯವೆಂದೇ ನಮಗೆ ತೋರಿತು. ವಿಚಾರಿಸಿ ನೋಡಿದಲ್ಲಿ ಹಾಗಲ್ಲವೆಂದು ತಿಳಿದುಬಂದಿತು. 2010ನೇ ಇಸವಿಯಲ್ಲಿ ಪ್ರಕಟವಾಗಿ ಆ ದೇಶದ ಬಹುಪಾಲು ಸಂಸ್ಥಾನಗಳು ಅಂಗೀಕರಿಸಿದ 'ಕಾಮನ್ ಕೋರ್' ಎಂಬ ಪಾಠನಿಯಮಾವಳಿಯಲ್ಲಿ ಎರಡನೆಯ ತರಗತಿಗೆ ಒಂದು ವಿಧಿಯಿದೆ. ಒಂದೇ ಕಥೆಯನ್ನು ಬೇರೆ ಬೇರೆ ಗ್ರಂಥಕರ್ತರು ಅಥವಾ ಬೇರೆ ಬೇರೆ ಸಂಸ್ಕೃತಿಯವರು ಹೇಳಿದ ಎರಡು ಮೂರು ರೂಪಗಳನ್ನು ಮಗುವು ಹೋಲಿಸಿ ಸಾಮ್ಯವನ್ನೂ ಭೇದವನ್ನೂ ಹೇಳಬಲ್ಲುದಾಗಬೇಕು ಎಂಬುದೇ ಆ ವಿಧಿ. ಉದಾಹರಣೆಗಾಗಿ ಅಲ್ಲಿ ಹೆಸರಿಸಿರುವುದು ಸಿಂಡರೆಲಾ ಕಥೆಯನ್ನೇ. ಮುಂದೆ ಕೆಲವು ಸಂಸ್ಥಾನಗಳು ಆ ನಿಯಮಾವಳಿಯನ್ನು ಕೈಬಿಟ್ಟುವು, ಕೆಲವು ಹೆಸರು ಬದಲಿಸಿಕೊಂಡುವು. ಆ ರಾಜಕೀಯದ ಗೊಡವೆ ನಮಗೆ ಬೇಡ. ಏಳು ವರ್ಷದ ಮಗುವಿಗೆ ಇದರಿಂದಾಗುವ ಪ್ರಯೋಜನವೇನು, ನಮ್ಮ ನಾಡಿನ ಪಾಠಶಾಲೆಗಳಿಗೂ ಇದಕ್ಕೂ ಏನಾದರೂ ಸಂಬಂಧವುಂಟೆ ಎಂಬುದಷ್ಟೇ ನಮ್ಮ ವಿಚಾರ.

ಕಥೆಯನ್ನು ಅರಿಯದ ವಾಚಕರಿಗಾಗಿ ಅದನ್ನು ಸ್ವಲ್ಪದಲ್ಲಿ ಹೇಳುತ್ತೇವೆ. ತಾಯಿಯಿಲ್ಲದ ಹುಡುಗಿ, ಮಲತಾಯಿಯೂ ಆಕೆಯ ಹೆಣ್ಣುಮಕ್ಕಳೂ ಅವಳನ್ನು ಒಲೆಯ ಬೂದಿಯಲ್ಲಿ ಕೂರಿಸುತ್ತಾರೆ, ಅರಮನೆಯ ಉತ್ಸವಕ್ಕೆ ಅವಳೊಬ್ಬಳಿಗೆ ಕರೆಯಿಲ್ಲ. ದೇವಕನ್ಯೆಯೊಬ್ಬಳು ಬಂದು ಕುಂಬಳಕಾಯಿಯನ್ನು ರಥವನ್ನಾಗಿಯೂ ಇಲಿಗಳನ್ನು ಕುದುರೆಗಳನ್ನಾಗಿಯೂ ಮಾಡಿ ಅವಳನ್ನು ಕಳುಹಿಸಿಕೊಡುತ್ತಾಳೆ. ಮರಳುವ ಆತುರದಲ್ಲಿ ಕಳಚಿಬಿದ್ದ ಗಾಜಿನ ಪಾದರಕ್ಷೆಯ ಜಾಡು ಹಿಡಿದು ರಾಜಕುಮಾರನು ಅವಳನ್ನು ಕಂಡುಹಿಡಿದು ಮದುವೆಯಾಗುತ್ತಾನೆ. ಇದು ಫ್ರಾನ್ಸ್ ದೇಶದ ಷಾರ್ಲ್ ಪೆರೋ ಎಂಬ ಪಂಡಿತನು 1697ರಲ್ಲಿ ಅಚ್ಚುಹಾಕಿಸಿದ ಪಾಠ. 1950ರಲ್ಲಿ ಹೊರಬಂದ ವಾಲ್ಟ್ ಡಿಸ್ನಿಯವರ ಚಲಚ್ಚಿತ್ರಕ್ಕೂ ಇದೇ ಮೂಲ. ಚಿತ್ರದ ಮಹಿಮೆಯಿಂದ, ಸಿಂಡರೆಲಾ ಎಂದರೆ ಹಳದಿ ಕೂದಲಿನ, ನೀಲಿ ಉಡುಪಿನ ಆ ಒಬ್ಬಳೇ ಎಂಬ ಭಾವನೆಯು ಅಮೆರಿಕದ ಮಕ್ಕಳಲ್ಲಿಯೂ, ಈಗೀಗ ನಮ್ಮ ಪಟ್ಟಣಗಳ ಮಕ್ಕಳಲ್ಲಿಯೂ ಬೇರೂರಿಬಿಟ್ಟಿದೆ.

ಆದರೆ ಈ ಹುಡುಗಿಯು ಪೆರೋವಿಗಿಂತ ಎಷ್ಟೋ ಹಳಬಳು. ಚೀನಾ ದೇಶದಲ್ಲಿ ಡುವಾನ್ ಚೆಂಗ್‌ಷಿ ಎಂಬಾತನು ಒಂಬತ್ತನೆಯ ಶತಮಾನದಲ್ಲಿಯೇ ಈ ಕಥೆಯನ್ನು ಬರೆದಿಟ್ಟಿದ್ದಾನೆ. ಅಲ್ಲಿ ಹುಡುಗಿಯ ಹೆಸರು ಯೆ ಷಿಯೆನ್. ಅವಳು ಅಕ್ಕರೆಯಿಂದ ಸಾಕಿದ ಮೀನನ್ನು ಮಲತಾಯಿಯು ಕೊಂದು ಅಡಿಗೆ ಮಾಡಿ ಉಂಡುಬಿಡುತ್ತಾಳೆ. ಆ ಮೀನಿನ ಮೂಳೆಗಳನ್ನು ಹುಡುಗಿಯು ಬಚ್ಚಿಟ್ಟುಕೊಳ್ಳಲು, ಬೇಡಿದುದನ್ನೆಲ್ಲ ಅವು ಕೊಡುತ್ತವೆ. ಹಬ್ಬದ ದಿನ ಅವಳು ಮಿಂಚುಳ್ಳಿಯ ಗರಿಗಳಿಂದಾದ ಮೇಲುಡುಗೆಯನ್ನು ಹೊದ್ದು ಚಿನ್ನದ ಪಾದರಕ್ಷೆಯನ್ನು ಮೆಟ್ಟಿ ಹೋಗುತ್ತಾಳೆ. ಕಳೆದುಹೋದ ಒಂದು ಪಾದರಕ್ಷೆಯು ಕೈಯಿಂದ ಕೈಗೆ ಮಾರಾಟವಾಗಿ ದ್ವೀಪದ ರಾಜನೊಬ್ಬನನ್ನು ಸೇರುತ್ತದೆ. ಜರ್ಮನಿಯ ಗ್ರಿಮ್ ಸಹೋದರರು 1812ರಲ್ಲಿ ಪ್ರಕಟಿಸಿದ ಕಥೆಯಲ್ಲಿ ದೇವಕನ್ಯೆಯೂ ಇಲ್ಲ, ಮೀನೂ ಇಲ್ಲ. ತಾಯಿಯ ಗೋರಿಯ ಮೇಲೆ ಹುಡುಗಿಯು ನೆಟ್ಟ ಗಿಡವು ಅವಳ ಕಣ್ಣೀರಿನಿಂದಲೇ ಬೆಳೆದು ಮರವಾಗಿ, ಅವಳಿಗೆ ಉಡುಪನ್ನು ಉದುರಿಸುತ್ತದೆ. ಲಂಡನ್ನಿನ ಮೇರಿಯನ್ ರೋಲ್ಫ್ ಕಾಕ್ಸ್ ಎಂಬ ವಿದುಷಿಯು 1893ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಈ ಕಥೆಯ 345 ರೂಪಗಳನ್ನು ಕಲೆಹಾಕಿದ್ದಾರೆ. ಆಮೇಲೆ ದೊರೆತವುಗಳಿಗೆ ಲೆಕ್ಕವಿಲ್ಲ.

ಉತ್ತರ ಅಮೆರಿಕದ ಮೂಲನಿವಾಸಿಗಳಾದ ಮಿಕ್‌ಮಾ ಜನರಿಂದ ಬಂದು 1884ರಲ್ಲಿ ಅಚ್ಚಾದ ಕಥೆಯೊಂದನ್ನು ಇಲ್ಲಿ ಹೇಳದೆ ಬಿಡಲು ಮನಸ್ಸು ಬಾರದು. ಅಕ್ಕಂದಿರು ಕೆಂಡದಿಂದ ಸುಟ್ಟ ಕಾರಣ ಮುಖವೆಲ್ಲ ಕಲೆಗಟ್ಟಿದ ಹುಡುಗಿ ಅವಳು. ಸರೋವರದ ಅಂಚಿನಲ್ಲಿ ಯಾರ ಕಣ್ಣಿಗೂ ಕಾಣದ ಬೇಟೆಗಾರನೊಬ್ಬನಿದ್ದಾನೆ. ಅವನನ್ನು ಕಾಣಬಲ್ಲವಳೇ ಅವನ ಹೆಂಡತಿಯಾಗತಕ್ಕವಳು. ಊರಿನ ಹೆಣ್ಣುಮಕ್ಕಳೆಲ್ಲ ಹೋಗಿ, ಕಂಡೆವೆಂದು ಸುಳ್ಳು ಹೇಳಿ, ಅವನ ಸಲಕರಣೆ ಯಾವುದರಿಂದ ಆದದ್ದೆಂದು ಕೇಳಿದಾಗ ಸಿಕ್ಕಿಬೀಳುತ್ತಾರೆ. ಸುಟ್ಟ ಮುಖದ ಹುಡುಗಿಯಾದರೋ ಮಳೆಬಿಲ್ಲನ್ನು ಕಂಡು ಹಾಗೆಯೇ ಹೇಳುತ್ತಾಳೆ. ಇಲ್ಲಿ ಪಾದರಕ್ಷೆಯಿಲ್ಲ, ರಾಜಕುಮಾರನು ಹುಡುಗಿಯನ್ನು ಹುಡುಕಿ ಬರುವುದೂ ಇಲ್ಲ. ಪರೀಕ್ಷೆ ನಡೆಯುವುದು ಕಾಲಿನ ಅಳತೆಗಲ್ಲ, ಕಣ್ಣಿನ ಸತ್ಯಕ್ಕೆ.

ತರಗತಿಯಲ್ಲಿ ಇವನ್ನು ನಡೆಸುವ ಕ್ರಮವು ಸರಳವಾದುದು. ಉಪಾಧ್ಯಾಯಿನಿಯು ದಿನಕ್ಕೊಂದರಂತೆ ಕಥೆಯನ್ನು ಚಿತ್ರಸಮೇತ ಗಟ್ಟಿಯಾಗಿ ಓದುತ್ತಾಳೆ. ಗೋಡೆಯ ಮೇಲೆ ದೊಡ್ಡ ಕಾಗದ, ಅದರಲ್ಲಿ ಮನೆಗಳು. ಹುಡುಗಿಗೆ ನೆರವಾದವರು ಯಾರು, ಕಳೆದುಹೋದ ವಸ್ತು ಯಾವುದು, ಅವಳನ್ನು ಗುರುತಿಸಿದ್ದು ಹೇಗೆ, ಕೆಟ್ಟವರ ಗತಿ ಏನಾಯಿತು ಎಂದು ಮಕ್ಕಳನ್ನು ಕೇಳಿ ಕೇಳಿ ತುಂಬಿಸುತ್ತಾರೆ. ಮೂರನೆಯ ಕಥೆ ಮುಗಿಯುವ ಹೊತ್ತಿಗೆ ಮಕ್ಕಳೇ ಪ್ರಶ್ನೆಗೆ ತೊಡಗಬೇಕು. ಮೀನೂ ಮರವೂ ದೇವಕನ್ಯೆಯೂ ಮಾಡಿದ ಕೆಲಸ ಒಂದೇ ಅಲ್ಲವೆ? ಇಲ್ಲದ ತಾಯಿ ಮಾಡಬೇಕಾಗಿದ್ದ ಕೆಲಸವಲ್ಲವೆ ಅದು? ಪೆರೋವಿನ ಹುಡುಗಿಯು ಅಕ್ಕಂದಿರನ್ನು ಕ್ಷಮಿಸಿ ಒಳ್ಳೆಯ ಮನೆಗೆ ಮದುವೆ ಮಾಡಿಕೊಡುತ್ತಾಳೆ. ಗ್ರಿಮ್ಮರ ಪುಸ್ತಕದ ಮುಂದಿನ ಮುದ್ರಣಗಳಲ್ಲಿ ಹಕ್ಕಿಗಳು ಆ ಅಕ್ಕಂದಿರ ಕಣ್ಣನ್ನೇ ಕುಕ್ಕುತ್ತವೆ. ಇವೆರಡರಲ್ಲಿ ನ್ಯಾಯ ಯಾವುದು? ಈ ಪ್ರಶ್ನೆಗೆ ಏಳು ವರ್ಷದವರು ಕೊಡುವ ಉತ್ತರವನ್ನು ಕೇಳಲು ನ್ಯಾಯಾಧೀಶರುಗಳನ್ನು ಕರೆದು ಕೂರಿಸಿದರೂ ತಪ್ಪಲ್ಲ.

ಇದರ ಒಳಗುಟ್ಟು ಇಷ್ಟೇ. ಒಂದೇ ಪಾಠವನ್ನು ಕೇಳಿದ ಮಗುವಿಗೆ ಅದು ನಡೆದ ಸಂಗತಿ; ಎರಡನೆಯ ಪಾಠವನ್ನು ಕೇಳಿದಾಗ ಅದು ಹೇಳಿದ ಕಥೆ. ಯಾರೋ ಹೇಳಿದ್ದಾರೆ, ಬೇರೆಯವರು ಬೇರೆ ರೀತಿ ಹೇಳಿದ್ದಾರೆ, ನಾನೂ ಹೇಳಬಹುದು ಎಂಬ ಅರಿವು ಆಗ ಮೂಡುತ್ತದೆ. ನನಗೆ ಗೊತ್ತಿರುವುದೇ ಮೂಲ, ಉಳಿದದ್ದೆಲ್ಲ ಅದರ ನಕಲು ಎಂಬ ಹಟವು ಅಲ್ಲಿಯೇ ಸಡಿಲುತ್ತದೆ. ದೊಡ್ಡವರಾದ ಮೇಲೆ ಇದನ್ನು ಕಲಿಯಲು ನಾವು ಪಡುವ ಪಾಡು ವಾಚಕರಿಗೆ ತಿಳಿಯದ್ದಲ್ಲ.

ಇನ್ನೊಂದು ಪ್ರಯೋಜನವೂ ಉಂಟು. ರೂಡಿನ್ ಸಿಮ್ಸ್ ಬಿಷಪ್ ಎಂಬ ಅಮೆರಿಕದ ವಿದ್ವಾಂಸೆಯು 1990ರಲ್ಲಿ ಬರೆದ ಲೇಖನವೊಂದರಲ್ಲಿ ಮಕ್ಕಳ ಪುಸ್ತಕಗಳನ್ನು ಕನ್ನಡಿಗೂ ಕಿಟಕಿಗೂ ಹೋಲಿಸಿದ್ದಾರೆ. ಕೆಲವು ಪುಸ್ತಕಗಳಲ್ಲಿ ಮಗುವು ತನ್ನ ಮುಖವನ್ನು ಕಾಣುತ್ತದೆ. ಕೆಲವುಗಳ ಮೂಲಕ ನೆರೆಯವರ ಅಂಗಳವನ್ನು ಕಾಣುತ್ತದೆ. ಕನ್ನಡಿಯೇ ದೊರೆಯದ ಮಗುವಿಗೆ ತನ್ನವರು ಲೆಕ್ಕಕ್ಕಿಲ್ಲವೆಂಬ ಭಾವನೆ ಬರುತ್ತದೆ. ಕನ್ನಡಿಯೊಂದೇ ದೊರೆತ ಮಗುವಿಗೆ ತನ್ನವರ ಹೊರತು ಬೇರೆಯವರಿಲ್ಲವೆಂಬ ಭ್ರಮೆ ಹುಟ್ಟುತ್ತದೆ. ಆ ಬರೆಹದ ತಾತ್ಪರ್ಯವು ಇದೆಂದು ನಾವು ಗ್ರಹಿಸಿದ್ದೇವೆ.

ಹೀಗೆಂದು ಅಲ್ಲಿ ನಡೆಯುವುದೆಲ್ಲವೂ ಚೊಕ್ಕವೆಂದು ನಾವು ಹೇಳುವವರಲ್ಲ. ದೇಶದ ಹೆಸರನ್ನು ಅಂಟಿಸಿ ಕಥೆಯನ್ನು ಮಾರುವ ಚಾಳಿಯು ಪುಸ್ತಕ ವ್ಯಾಪಾರದಲ್ಲಿ ಬೆಳೆದಿದೆ. ಜಾನ್ ಸ್ಟೆಪ್ಟೋ ಎಂಬ ಕರಿಯ ಜನಾಂಗದ ಚಿತ್ರಕಾರರು 1987ರಲ್ಲಿ ಪ್ರಕಟಿಸಿದ 'ಮುಫಾರೊನ ಸುಂದರ ಹೆಣ್ಣುಮಕ್ಕಳು' ಎಂಬ ಪುಸ್ತಕವು ಅತಿ ಮನೋಹರವಾದುದು. ತನ್ನ ಬಣ್ಣದ ರಾಣಿಯನ್ನು ಪುಸ್ತಕದಲ್ಲಿ ಒಮ್ಮೆಯೂ ಕಾಣದ ಮಕ್ಕಳಿಗೆ ಅದು ಮಾಡಿದ ಉಪಕಾರವನ್ನು ನಾವು ಅಲ್ಲಗಳೆಯುವುದಿಲ್ಲ. ಆದರೆ ಎಷ್ಟೋ ತರಗತಿಗಳಲ್ಲಿ ಅದನ್ನು 'ಆಫ್ರಿಕದ ಸಿಂಡರೆಲಾ' ಎಂದು ಓದಿಸುತ್ತಾರೆ. ಅದರಲ್ಲಿ ಮಲತಾಯಿಯೂ ಇಲ್ಲ, ಪಾದರಕ್ಷೆಯೂ ಇಲ್ಲ. ಒಳ್ಳೆಯ ತಂಗಿ ಕೆಟ್ಟ ಅಕ್ಕ ಎಂಬ ಬೇರೊಂದು ಕಥಾಕುಲಕ್ಕೆ ಸೇರಿದುದು ಅದು. ಅಲ್ಲದೆ ಕಥೆಯ ಮೂಲವು ದಕ್ಷಿಣ ಆಫ್ರಿಕದಲ್ಲಿ ಥೀಲ್ ಎಂಬವರು ಸಂಗ್ರಹಿಸಿ 1895ರಲ್ಲಿ ಅಚ್ಚಾದ ಗ್ರಂಥ. ಚಿತ್ರಗಳಿಗೆ ಮಾದರಿಯಾದದ್ದು ಜಿಂಬಾಬ್ವೆಯ ಪ್ರಾಚೀನ ನಗರದ ಅವಶೇಷ. ಗ್ರಂಥಕರ್ತರು ಇದನ್ನು ಮರೆಮಾಚಿಲ್ಲ, ಪುಸ್ತಕದಲ್ಲಿಯೇ ಹೇಳಿದ್ದಾರೆ; ಓದಿಸುವವರು ಆ ಟಿಪ್ಪಣಿಯನ್ನು ಮುಟ್ಟದೆ ಮುಂದೆ ಹೋಗುತ್ತಾರೆ. ಕಾಶ್ಮೀರದ ಕಥೆಗೆ ಹಂಪೆಯ ಚಿತ್ರಗಳನ್ನು ಬರೆದು ಇದು ಹಿಂದೂಸ್ಥಾನವೆಂದು ಪರದೇಶದ ಮಕ್ಕಳಿಗೆ ತೋರಿಸಿದರೆ ನಮಗೆ ಹೇಗಾದೀತು? 'ಈಜಿಪ್ಟಿನ ಸಿಂಡರೆಲಾ' ಎಂಬ ಕಥೆಯೂ ಹಾಗೆಯೇ. ಸ್ಟ್ರಾಬೋ ಎಂಬ ಗ್ರೀಕ್ ಭೂಗೋಳ ಪಂಡಿತನು, ಹದ್ದೊಂದು ಸ್ನಾನಮಾಡುತ್ತಿದ್ದ ಹೆಂಗಸಿನ ಪಾದರಕ್ಷೆಯನ್ನು ಕಚ್ಚಿ ತಂದು ಮೆಂಫಿಸ್ ನಗರದ ರಾಜನ ಮಡಿಲಿಗೆ ಹಾಕಿತೆಂದು ಬರೆದಿದ್ದಾನೆ. ಅವನ ಪ್ರಕಾರ ಆಕೆಯು ವೇಶ್ಯೆ. ಮಕ್ಕಳ ಪುಸ್ತಕದಲ್ಲಿ ದಾಸಿ. ಎಳೆಯರಿಗಾಗಿ ಅಷ್ಟು ಮಾರ್ಪಡಿಸಿದ್ದು ಯುಕ್ತವೇ. ಆದರೆ ಗ್ರೀಕನು ಹೇಳಿದ ಕಥೆಯನ್ನು ಈಜಿಪ್ಟಿನವರ ಬಾಯಿಂದ ಬಂದುದೆಂದು ಉಪಾಧ್ಯಾಯರು ನಂಬಿಬಿಟ್ಟರೆ ಯುಕ್ತವಲ್ಲ.

ಒಂದು ಜನವನ್ನು ಒಂದು ಕಥೆಯಿಂದ ಅಳೆಯುವುದು ಇದಕ್ಕಿಂತ ದೊಡ್ಡ ದೋಷ. ಯೆ ಷಿಯೆನ್ ಕಥೆಯನ್ನು ಓದಿದ ಮಗುವು ಚೀನೀಯರು ಮೀನಿನ ಮೂಳೆಯನ್ನು ಪೂಜಿಸುತ್ತಾರೆಂದು ಮನೆಗೆ ಹೋಗಿ ಹೇಳುವಂತಾದರೆ, ಆ ಕಥೆಯನ್ನು ಓದಿಸದೆ ಇದ್ದಿದ್ದರೇ ಲೇಸು. ಇದಕ್ಕೆ ಔಷಧಿಯು ಒಂದೇ: ಕಥೆಯನ್ನು ಆ ದೇಶದ ಮಾದರಿಯೆಂದು ತೋರಿಸದೆ, ಕಥೆಯ ಪಕ್ಕದಲ್ಲಿ ಕಥೆಯನ್ನಿಟ್ಟು ತೋರಿಸುವುದು. ಆಗ ಮಗುವು ಚೀನೀಯನನ್ನು ವಿಚಿತ್ರ ಪ್ರಾಣಿಯಂತೆ ನೋಡದೆ, ತನ್ನಂತೆಯೇ ಅಜ್ಜಿಯ ಬಳಿ ಕುಳಿತು ಕಥೆ ಕೇಳಿದವನೆಂದು ನೋಡುತ್ತದೆ.

ಈಗ ನಮ್ಮ ಮನೆಯ ಮಾತಿಗೆ ಬರುತ್ತೇವೆ. ಸಿಂಡರೆಲಾ ಕಥೆಯನ್ನು ಕುರಿತು ಅಲನ್ ಡಂಡಿಸ್ ಎಂಬ ಅಮೆರಿಕದ ಜಾನಪದ ಪಂಡಿತರು 1982ರಲ್ಲಿ ಸಂಪಾದಿಸಿದ ಪ್ರಸಿದ್ಧ ಲೇಖನಸಂಗ್ರಹದಲ್ಲಿ ಒಂದು ಲೇಖನದ ವಿಷಯವು ಕನ್ನಡದ ಕಥೆ. ಅದರ ಹೆಸರು 'ಹಂಚಿ'. ಬರೆದವರು ಮೈಸೂರಿನಲ್ಲಿ 1929ರಲ್ಲಿ ಜನಿಸಿ, ಬೆಳಗಾವಿಯಲ್ಲಿ ಅಧ್ಯಾಪಕರಾಗಿದ್ದು, ಮುಂದೆ ಶಿಕಾಗೋ ವಿಶ್ವವಿದ್ಯಾನಿಲಯದಲ್ಲಿ ಕೀರ್ತಿಗಳಿಸಿ 1993ರಲ್ಲಿ ತೀರಿಕೊಂಡ ಎ. ಕೆ. ರಾಮಾನುಜನ್ ಅವರು. ಚಿನ್ನದ ಕೂದಲಿನ ಹುಡುಗಿಗೆ ಮನೆಯಲ್ಲಿಯೇ ಕೇಡು ಒದಗಿರಲಾಗಿ, ತಾಯಿಯು ಕುಂಬಾರನಿಂದ ಮಣ್ಣಿನ ಮುಖವಾಡವೊಂದನ್ನು ಮಾಡಿಸಿ ತೊಡಿಸಿ, ಒಳ್ಳೆಯ ಕಾಲ ಬರುವತನಕ ತೆಗೆಯಬೇಡವೆಂದು ಹೇಳಿ ಅವಳನ್ನು ಮನೆಬಿಟ್ಟು ಕಳುಹಿಸುತ್ತಾಳೆ. ಹಂಚಿನಂಥ ಮುಖದವಳೆಂದು ಅವಳಿಗೆ ಹಂಚಿ ಎಂಬ ಹೆಸರಾಗುತ್ತದೆ. ಸಾಹುಕಾರನೊಬ್ಬನ ಮನೆಯಲ್ಲಿ ಕೆಲಸಕ್ಕೆ ಸೇರಿ ಕೈಯಡಿಗೆಯಿಂದ ಹೆಸರು ಪಡೆಯುತ್ತಾಳೆ; ಮುಖವಾಡವಿಲ್ಲದಾಗ ಕಂಡ ಸಾಹುಕಾರನ ಮಗನು ಅವಳನ್ನು ಮದುವೆಯಾಗುತ್ತಾನೆ. ಇಲ್ಲಿಗೆ ಕಥೆ ಮುಗಿಯುವುದಿಲ್ಲ. ಕಪಟಿಯಾದ ಗುರುವೊಬ್ಬನ ದೆಸೆಯಿಂದ ಅವಳು ಮತ್ತೆ ಮನೆಯಿಂದ ಹೊರಬೀಳುತ್ತಾಳೆ. ಕೊನೆಗೆ ಗಂಡನು ಅವಳನ್ನು ಗುರುತಿಸುವುದು ಯಾವುದರಿಂದ? ಪಾದರಕ್ಷೆಯಿಂದಲ್ಲ, ಅವಳ ಕೈಯಡಿಗೆಯ ರುಚಿಯಿಂದ!

ಫ್ರೆಂಚರ ಗಾಜು, ಚೀನೀಯರ ಚಿನ್ನ, ಮಿಕ್‌ಮಾ ಜನರ ಮಳೆಬಿಲ್ಲು, ಇವುಗಳ ಸಾಲಿನಲ್ಲಿ ಕನ್ನಡದ ಎಲೆಯ ಮೇಲಿನ ಅಡಿಗೆಯೂ ಕುಳಿತಿದೆ. ಅಮೆರಿಕದ ವಿದ್ವಾಂಸರು ಇದನ್ನು ಬಲ್ಲರು. ನಮ್ಮ ವಾಚಕರಲ್ಲಿ ಎಷ್ಟು ಮಂದಿ ಬಲ್ಲರು? ನಾವಂತೂ ಪಾಠಶಾಲೆಯಲ್ಲಿ ಕಲಿಯುವಾಗ ಇದನ್ನು ಕೇಳಲಿಲ್ಲ. ತಲೆ ನರೆತಮೇಲೆ ಇಂಗ್ಲಿಷಿನಲ್ಲಿ ಓದಿ ತಿಳಿದುಕೊಂಡೆವು. ನಾಚಿಕೆಯ ಮಾತಾದರೂ ಹೇಳಿಬಿಡುತ್ತೇವೆ.

ಮೂಲದಲ್ಲಿ ಹಂಚಿಗೆ ಒದಗಿದ ಕೇಡು ಆಕೆಯ ಅಣ್ಣನಿಂದಲೇ. ತಂಗಿಯನ್ನೇ ಮದುವೆಯಾಗುವೆನೆಂದು ಅವನು ಹಟಹಿಡಿಯುತ್ತಾನೆ. ಇದು ಎಳೆಯರ ಕಿವಿಗೆ ತಕ್ಕುದಲ್ಲವೆಂದು ಕೆಲವು ಮಹನೀಯರು ಹುಬ್ಬುಗಂಟಿಕ್ಕಬಹುದು. ಫ್ರಾನ್ಸಿನ 'ಕತ್ತೆಯ ಚರ್ಮ', ಗ್ರಿಮ್ಮರ 'ನಾನಾ ತೊಗಲಿನವಳು' ಎಂಬ ಕಥೆಗಳಲ್ಲಿ ತಂದೆಯಿಂದಲೇ ಇಂಥ ಕೇಡು ಬರುತ್ತದೆ; ನಿಜ ನೋಡಿದರೆ ಹಂಚಿಯ ಒಡಹುಟ್ಟಿದವರು ಅವರೇ. ಆ ದೇಶಗಳಲ್ಲಿ ಎಳೆಯರಿಗೆ ಹೇಳುವಾಗ ಆ ಭಾಗವನ್ನು ಬಿಟ್ಟೋ ಮರೆಸಿಯೋ ಹೇಳುತ್ತಾರೆ. ನಮ್ಮ ಅಜ್ಜಿಯರೂ ಕೇಳುವವರ ವಯಸ್ಸನ್ನು ನೋಡಿಯೇ ಕಥೆಯನ್ನು ಕುಗ್ಗಿಸಿ ಹಿಗ್ಗಿಸಿ ಹೇಳಿದವರು. ತಾಯಿಯು ಮುಖವಾಡ ತೊಡಿಸಿದಲ್ಲಿಂದ ಮೊದಲುಮಾಡಿ, ಗುರುವಿನ ಪ್ರಸಂಗವನ್ನು ಮಿತವಾಗಿ ಹೇಳಿ, ಅಡಿಗೆಯ ಊಟದಲ್ಲಿ ಮುಗಿಸಿದರೆ ಎರಡನೆಯ ತರಗತಿಗೆ ಯಾವ ಬಾಧಕವೂ ಇಲ್ಲ. ಹೇಗೆ ಹೇಳಬೇಕೆಂಬ ವಿವೇಕವು ಉಪಾಧ್ಯಾಯರದು. ಅವರಿಗೆ ಮೂಲವು ಪೂರ್ತಿ ತಿಳಿದಿರತಕ್ಕದ್ದು.

ಪರದೇಶದ ಕಥೆಗಳನ್ನು ತಂದರೆ ಸ್ವದೇಶದ ಅಭಿಮಾನವು ಕುಂದೀತೆಂದು ಹೇಳುವವರಿಗೆ ನಮ್ಮ ಉತ್ತರವು ಪಂಜೆ ಮಂಗೇಶರಾಯರು. ಮೂರು ಕರಡಿಗಳ ಇಂಗ್ಲಿಷ್ ಕಥೆಯನ್ನು ಕನ್ನಡದ ಮಕ್ಕಳಿಗೆ ತಂದುಕೊಟ್ಟವರು ಅವರು. ಇನ್ನು ಕುವೆಂಪು ಅವರ ಕಿಂದರಿಜೋಗಿಯನ್ನು ಅರಿಯದ ಕನ್ನಡಿಗನಿಲ್ಲ. ಆ ಜೋಗಿಯ ಮೂಲಗ್ರಾಮವು ಜರ್ಮನಿಯಲ್ಲಿ ವೇಸರ್ ನದಿಯ ದಡದ ಹ್ಯಾಮೆಲಿನ್ ಎಂಬುದನ್ನು, ಬ್ರೌನಿಂಗ್ ಕವಿಯ ಮೂಲಕ ಅವನು ತುಂಗೆಯ ತೀರಕ್ಕೆ ಬಂದನೆಂಬುದನ್ನು ಅರಿತವರು ಕಡಿಮೆ. ಬೊಮ್ಮನಹಳ್ಳಿಯನ್ನೂ ಹ್ಯಾಮೆಲಿನ್ನನ್ನೂ ಪಕ್ಕಪಕ್ಕದಲ್ಲಿಟ್ಟು, ಯಾವುದು ಉಳಿಯಿತು, ಯಾವುದು ಬದಲಾಯಿತು, ಮಾತಿಗೆ ತಪ್ಪಿದವರು ಅಲ್ಲಿ ಯಾರು, ಇಲ್ಲಿ ಯಾರು ಎಂದು ಕೇಳಿದರೆ, ಅಮೆರಿಕದವರು ಕಾಯಿದೆ ಬರೆದು ಮಾಡಿಸುವ ಪಾಠವು ನಮ್ಮಲ್ಲಿ ಕಾಯಿದೆಯಿಲ್ಲದೆ ಆಗಿಹೋಗುತ್ತದೆ. ಖರ್ಚು ಒಂದು ಕಾಸೂ ಇಲ್ಲ.

ಪರೀಕ್ಷೆಯೂ ಪಾಠಭಾಗಗಳೂ ಇರುವಾಗ ಕಥೆಗೆ ಹೊತ್ತೆಲ್ಲಿ ಎಂಬ ಆಕ್ಷೇಪಣೆಯು ಹಳೆಯದು. ಭಾವನಗರದಲ್ಲಿ 1920ರಲ್ಲಿ ಬಾಲಮಂದಿರವನ್ನು ತೆರೆದ ಗಿಜುಭಾಯಿ ಬಧೇಕಾ ಅವರು 'ದಿವಾಸ್ವಪ್ನ' ಎಂಬ ಗ್ರಂಥದಲ್ಲಿ ಇದನ್ನೇ ಚಿತ್ರಿಸಿದ್ದಾರೆ. ಅದರ ಉಪಾಧ್ಯಾಯನು ಗದ್ದಲದ ತರಗತಿಯನ್ನು ಬೆತ್ತದಿಂದಲ್ಲ, ಕಥೆಯಿಂದ ಒಲಿಸಿಕೊಳ್ಳುತ್ತಾನೆ. ಪಾಠ ಯಾವಾಗ ಎಂದು ಸುತ್ತಲಿನವರು ಕೇಳುತ್ತಾರೆ. ಈಗ ಕೇಂದ್ರ ಸರ್ಕಾರದ 2022ನೇ ಇಸವಿಯ ಬುನಾದಿ ಹಂತದ ಪಠ್ಯಕ್ರಮ ಚೌಕಟ್ಟೇ ಮೂರರಿಂದ ಎಂಟು ವರ್ಷದ ಮಕ್ಕಳಿಗೆ ಕಥೆಯನ್ನು ಮುಖ್ಯ ಸಾಧನವೆಂದು ಒಪ್ಪಿಕೊಂಡಿದೆ. 1995ರಲ್ಲಿ ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಮೊದಲಾದ ನಮ್ಮ ನಲಿ ಕಲಿ ಪದ್ಧತಿಯೂ ಮಗುವನ್ನು ಸುಮ್ಮನೆ ಕೂರಿಸಿ ಬಾಯಿಪಾಠ ಮಾಡಿಸುವುದಕ್ಕೆ ವಿರುದ್ಧವಾಗಿಯೇ ಹುಟ್ಟಿದುದು. ಅಡ್ಡಿಯು ಕಾಗದದಲ್ಲಿಲ್ಲ.

ಅಡ್ಡಿ ಎಲ್ಲಿದೆಯೆಂಬುದನ್ನು ಬೆಂಗಳೂರಿನ ಹೊರವಲಯದ ಯಾವುದೇ ಸರ್ಕಾರಿ ಶಾಲೆಯ ಕಿರಿಯ ತರಗತಿಯಲ್ಲಿ ಕಾಣಬಹುದು. ಕಟ್ಟಡದ ಕೆಲಸಕ್ಕೆ ಬಂದವರ ಮಕ್ಕಳು. ಒಬ್ಬನು ರಾಯಚೂರಿನ ಕಡೆಯವನು, ಒಬ್ಬಳ ಮನೆಮಾತು ತೆಲುಗು, ಇನ್ನೊಬ್ಬಳದು ಉರ್ದು, ಮತ್ತೊಬ್ಬನದು ಒಡಿಯಾ. ಪಾಠದ ಪ್ರಶ್ನೆಗೆ ಉತ್ತರ ತಿಳಿಯದೆ ಮೂಲೆಯಲ್ಲಿ ಕೂರುವ ಈ ಮಕ್ಕಳು ಬರಿಗೈಯಲ್ಲಿ ಬಂದವರೆಂದು ನಾವು ಎಣಿಸುತ್ತೇವೆ. ಪ್ರತಿಯೊಬ್ಬರ ತಾಯಿಯ ಬಳಿಯೂ ಒಂದು ಕಥೆಯಿದೆ. ಉಪಾಧ್ಯಾಯರು ಮೊದಲು ಹಂಚಿಯ ಕಥೆಯನ್ನು ಹೇಳಿ, "ನಿಮ್ಮ ಮನೆಯಲ್ಲಿ ಇಂಥ ಹುಡುಗಿಯ ಕಥೆಯನ್ನು ಹೇಗೆ ಹೇಳುತ್ತಾರೆ? ಅಮ್ಮನನ್ನು ಕೇಳಿಕೊಂಡು ಬನ್ನಿ" ಎಂದು ಕಳುಹಿಸಲಿ. ಮಾರನೆಯ ದಿನ ಆ ಒಡಿಯಾ ಹುಡುಗನು ಅರೆಗನ್ನಡದಲ್ಲಿ, ಕೈಸನ್ನೆಯಲ್ಲಿ ಹೇಳುವುದನ್ನು ಇಡೀ ತರಗತಿಯು ಬಾಯಿಬಿಟ್ಟುಕೊಂಡು ಕೇಳುವಾಗ, ಅವನು ಕನ್ನಡವನ್ನು ಕಲಿಯಲು ಅದಕ್ಕಿಂತ ಒಳ್ಳೆಯ ಕಾರಣವು ಬೇಕೆ? ಅವನು ಕನ್ನಡಕ್ಕೆ ಬರುವುದು ತನ್ನದನ್ನು ಹೇಳಿಕೊಳ್ಳುವುದಕ್ಕಾಗಿ. ಕನ್ನಡದ ಅಭಿಮಾನಿಗಳು ಇದನ್ನು ಕುರಿತು ಯೋಚಿಸಬೇಕು.

ಈ ಕಥೆಗಳಲ್ಲಿ ಚೆಲುವೇ ಹೆಣ್ಣಿನ ಗುಣವೆಂದೂ ಮದುವೆಯೇ ಅವಳ ಬಹುಮಾನವೆಂದೂ ಇರುವುದನ್ನು ನಾವು ಮರೆತಿಲ್ಲ. ಮಲತಾಯಿಯ ಮನೆಯಲ್ಲಿ ಸುಖವಾಗಿ ಬೆಳೆಯುತ್ತಿರುವ ಮಗುವೂ ಅದೇ ತರಗತಿಯಲ್ಲಿ ಇರಬಹುದು. ಆದರೆ ಇಲ್ಲಿಯೂ ಒಂದು ಕಥೆಯನ್ನು ಇನ್ನೊಂದು ಕಥೆಯೇ ತಿದ್ದಬಲ್ಲುದು. ಸುಟ್ಟ ಮುಖದ ಹುಡುಗಿಯ ಕಥೆಯನ್ನು ಕೇಳಿದವರಿಗೆ ಚೆಲುವಿನ ವಿಷಯದಲ್ಲಿ ಉಪದೇಶ ಮಾಡಬೇಕಾಗಿಲ್ಲ.

ವಿದ್ಯಾ ಇಲಾಖೆಯವರು ಹಂಚಿ, ಯೆ ಷಿಯೆನ್, ಸುಟ್ಟ ಮುಖದ ಹುಡುಗಿ, ಇವರ ಕಥೆಗಳನ್ನು ಒಂದೇ ಹೊತ್ತಗೆಯಲ್ಲಿ, ಯಾವ ಮೂಲದಿಂದ ತೆಗೆದುಕೊಂಡದ್ದೆಂಬ ಟಿಪ್ಪಣಿಯೊಡನೆ, ದಪ್ಪ ಅಕ್ಷರಗಳಲ್ಲಿ ಅಚ್ಚುಹಾಕಿಸಿ ಕಿರಿಯ ತರಗತಿಗಳಿಗೆ ಹಂಚಬೇಕೆಂದು ಸೂಚಿಸುತ್ತೇವೆ. ಅದು ಆಗುವತನಕ ನಮ್ಮಿಂದಾದಷ್ಟನ್ನು ನಾವೂ ಮಾಡಲು ಸಿದ್ಧರಿದ್ದೇವೆ. ತಮ್ಮ ತರಗತಿಯ ಮಕ್ಕಳು ಮನೆಯಿಂದ ತಂದ ಇಂಥ ಕಥೆಗಳನ್ನು ಪ್ರಾಥಮಿಕ ಪಾಠಶಾಲೆಗಳ ಉಪಾಧ್ಯಾಯರು ನಮಗೆ ಬರೆದು ಕಳುಹಿಸಿದರೆ ಭಾನುವಾರದ ಸಂಚಿಕೆಯಲ್ಲಿ ಸ್ಥಳ ಕೊಡುತ್ತೇವೆ. ಹಾಳೆಯ ಒಂದೇ ಮಗ್ಗುಲಲ್ಲಿ ಬರೆಯಬೇಕು. ಕಥೆಯನ್ನು ಯಾವ ಊರಿನಲ್ಲಿ, ಯಾವ ಭಾಷೆಯಲ್ಲಿ ಕೇಳಿದ್ದು, ಹೇಳಿದವರು ತಾಯಿಯೋ ಅಜ್ಜಿಯೋ ಎಂಬುದನ್ನು ತಪ್ಪದೆ ಸೇರಿಸಬೇಕು. ಭಾಷೆಯನ್ನು ತಿದ್ದುವ ಶ್ರಮವನ್ನು ಉಪಾಧ್ಯಾಯರು ತೆಗೆದುಕೊಳ್ಳಬೇಕಾಗಿಲ್ಲ.